ಎಕ್ಸ್‌ರೇ ಚೆನ್ನಾಗಿದೆ, ಬೆರಳು ಬಗ್ಗುತ್ತಿಲ್ಲ

ಅಡಿಕೆ ಸುಗ್ಗಿಯ ತಿಂಗಳುಗಳಲ್ಲಿ ಶಿವಮೊಗ್ಗದ ನನ್ನ ಕ್ಲಿನಿಕ್ಕಿಗೆ ಕೈನೋವಿನವರು ಜಾಸ್ತಿ ಬರುತ್ತಾರೆ. ಮೆಟ್ಟುಗತ್ತಿಯ ಮುಂದೆ ಕೂತು ದಿನವಿಡೀ ಅಡಿಕೆ ಸುಲಿದರೆ ಕೈ ನೋಯದೆ ಇರುತ್ತದೆಯೇ? ಆ ನೋವು ನಾಲ್ಕು ದಿನ ಕೈಗೆ ಬಿಡುವು ಕೊಟ್ಟರೆ ಇಳಿಯುತ್ತದೆ. ಲೂಪಸ್ ಎಂಬ ಕಾಯಿಲೆಯ ನೋವು ಹಾಗಲ್ಲ.

ಹೊಸನಗರ ಕಡೆಯ ಹೆಣ್ಣುಮಗಳೊಬ್ಬಳು ಹೇಳಿದ್ದು ಇಷ್ಟು: "ಬೆಳಿಗ್ಗೆ ಹಾಲು ಕರೆಯಕ್ಕೆ ಕೂತ್ರೆ ಬೆರಳು ಬಗ್ಗೋದೇ ಇಲ್ಲ ಡಾಕ್ಟ್ರೇ. ಎಕ್ಸ್‌ರೇಲಿ ಏನೂ ಇಲ್ಲ ಅಂದ್ರು. ಮನೇಲಿ ಸುಮ್ನೆ ನೆಪ ಅಂತಾರೆ."

ಅವಳ ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿದ್ದವು. ಅಂಗೈಯನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಒತ್ತಿದೆ. ಬೆರಳುಗಳು ನೆಟ್ಟಗಾದವು. ಕೈ ಎತ್ತಿದಳು, ಮತ್ತೆ ವಾಲಿದವು.

ಲೂಪಸ್‌ನಲ್ಲಿ ನಮ್ಮನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ನಮ್ಮ ಮೈಮೇಲೆ ತಿರುಗಿ ಬೀಳುತ್ತದೆ. ಕೀಲಿನ ಒಳಪೊರೆ ಊದಿಕೊಳ್ಳುತ್ತದೆ, ಕೀಲನ್ನು ಹಿಡಿದಿಡುವ ಕಟ್ಟುಗಳು ಸಡಿಲವಾಗುತ್ತವೆ. ರುಮಟಾಯ್ಡ್ ಸಂಧಿವಾತದಲ್ಲಿ ಮೂಳೆ ಸವೆಯುತ್ತದೆ, ಇಲ್ಲಿ ಅದು ಕಡಿಮೆ. ಎಕ್ಸ್‌ರೇಗೆ ಕಾಣುವುದು ಮೂಳೆ ಮಾತ್ರ, ಅಲ್ವಾ? ಹಾಗಾಗಿ ರಿಪೋರ್ಟ್ ಚೆನ್ನಾಗಿಯೇ ಬರುತ್ತದೆ. ನೋವು ಸುಳ್ಳು ಎಂದು ದಯವಿಟ್ಟು ಯಾರೂ ಹೇಳಬೇಡಿ. ಲೂಪಸ್ ಇರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿಗೆ ಒಂದಲ್ಲ ಒಂದು ಹೊತ್ತಿನಲ್ಲಿ ಕೀಲು ನೋಯುತ್ತದೆ. ಇವತ್ತು ಮಣಿಕಟ್ಟು, ನಾಳೆ ಮಂಡಿ.

ನಮ್ಮ ಕಡೆ ಚಿಕೂನ್‌ಗುನ್ಯಾ ಬಂದುಹೋದವರು ಬಹಳ. ಅದೂ ತಿಂಗಳುಗಟ್ಟಲೆ ಕೀಲುನೋವು ಉಳಿಸುತ್ತದೆ. ಆದ್ದರಿಂದ ಕೀಲು ಬಿಟ್ಟು ಬೇರೆ ವಿಷಯ ಕೇಳುತ್ತೇನೆ: ಬಾಯಲ್ಲಿ ಹುಣ್ಣು, ಕೂದಲು ಉದುರುವುದು, ಬಿಸಿಲಿಗೆ ಮುಖ ಕೆಂಪಾಗುವುದು. ಅಂಗಳದಲ್ಲಿ ಅಡಿಕೆ ಒಣಹಾಕುವಾಗ ಕೆನ್ನೆ ಉರಿಯುತ್ತಿತ್ತು ಎಂಬುದು ಅವಳಿಗೆ ಆಗ ನೆನಪಾಯಿತು. ನಮ್ಮ ಜೀವಕೋಶಗಳ ಮೇಲೇ ತಿರುಗಿಬಿದ್ದ ಪ್ರತಿಕಾಯಗಳನ್ನು ಹುಡುಕುವ ಎಎನ್‌ಎ ರಕ್ತಪರೀಕ್ಷೆ ಲೂಪಸ್ ಇರುವ ಹೆಚ್ಚುಕಡಿಮೆ ಎಲ್ಲರಲ್ಲೂ ಪಾಸಿಟಿವ್ ಬರುತ್ತದೆ. ಆರೋಗ್ಯವಂತರಲ್ಲೂ ಎಷ್ಟೋ ಜನರಿಗೆ ಬರುತ್ತದೆ. ಅದೊಂದನ್ನೇ ಹಿಡಿದು ಹೆದರಬೇಡಿ.

ನನಗೆ ನಿಜವಾದ ಭಯ ಮೂತ್ರಪಿಂಡದ್ದು. ಕೀಲು ನೋಯುತ್ತದೆ, ಮೂತ್ರಪಿಂಡ ಸದ್ದಿಲ್ಲದೆ ಹಾಳಾಗುತ್ತದೆ. ಮೆಡಿಕಲ್ ಶಾಪಿನಿಂದ ತಂದು ನುಂಗುವ ನೋವಿನ ಮಾತ್ರೆ ಅದನ್ನು ಇನ್ನಷ್ಟು ಕೆಡಿಸಬಹುದು. ಮೂತ್ರ ಪರೀಕ್ಷೆಗೆ ಬರೆದುಕೊಟ್ಟರೆ ತಪ್ಪಿಸಬೇಡಿ.

ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟರೆ "ಇದು ಮಲೇರಿಯಾ ಮಾತ್ರೆ ಅಲ್ವಾ?" ಎಂದು ವಾಪಸ್ ಬರುತ್ತಾರೆ. ಹೌದು, ಮೊದಲು ಮಲೇರಿಯಾಕ್ಕೇ ಬಳಸುತ್ತಿದ್ದರು. ಲೂಪಸ್ ಚಿಕಿತ್ಸೆಗೂ ಅದೇ ಬುನಾದಿ. ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ಡೋಸ್ ತೂಕ ನೋಡಿ ಕೊಡುವುದು, ದಿನಕ್ಕೆ ಕಿಲೋಗೆ 5 ಮಿಲಿಗ್ರಾಂ ಮೀರದಂತೆ. ಈ ಮಾತ್ರೆಯಿಂದ ಕಣ್ಣಿಗೆ ತೊಂದರೆಯಾಗದಂತೆ ಕಣ್ಣಿನ ತಪಾಸಣೆಯನ್ನು ತಪ್ಪದೆ ಮಾಡಿಸುತ್ತಿರಬೇಕು. ಬಸುರಾದೆ ಎಂದು ಸ್ವಂತ ತೀರ್ಮಾನದಿಂದ ನಿಲ್ಲಿಸಬೇಡಿ.

ಸ್ಟೀರಾಯ್ಡ್ ಊತ ಬೇಗ ಇಳಿಸುತ್ತದೆ. ಜಾಸ್ತಿ ಡೋಸ್ ತೆಗೆದುಕೊಂಡವರಲ್ಲಿ ಕೆಲವರಿಗೆ ಸೊಂಟದ ಕೀಲಿನ ಮೂಳೆಗೆ ರಕ್ತ ಹರಿಯುವುದು ಕಡಿಮೆಯಾಗಿ ಮೂಳೆ ಸಾಯತೊಡಗುತ್ತದೆ. ತೊಡೆಸಂದಿನಲ್ಲಿ ನೋವು, ಕಾಲೂರಿದರೆ ಇನ್ನೂ ಜಾಸ್ತಿ. ಇದನ್ನು ಲೂಪಸ್ ನೋವೆಂದು ಸಹಿಸಿಕೊಂಡು ಕೂರಬೇಡಿ, ತಕ್ಷಣ ಬಂದು ತೋರಿಸಿ. ಇಲ್ಲಿಯೂ ಮೊದಮೊದಲು ಎಕ್ಸ್‌ರೇ ಚೆನ್ನಾಗಿಯೇ ಇರುತ್ತದೆ, ಎಂಆರ್‌ಐ ಮಾಡಿದರೆ ಗೊತ್ತಾಗುತ್ತದೆ.