ಡ್ರಾಯರ್‌ನಲ್ಲಿ ಉಳಿದ ಟಿಕೆಟು, ಜಾಡಿಯಲ್ಲಿ ತುಂಬಿದ ನೀರು

2023ರ ಜನವರಿಯಲ್ಲಿ ಇಬೇ ಜಾಲತಾಣದಲ್ಲಿ ಒಂದು ವಿಚಿತ್ರ ಸಾಮಾನು ಮಾರಾಟಕ್ಕೆ ಬಂತು. ಮುಚ್ಚಳ ಬಿಗಿದ ಜಾಡಿ, ಒಳಗೆ ನೀರು. ಅಷ್ಟೇ. ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿದ್ದ ‘ಸ್ಪ್ಲ್ಯಾಶ್ ಮೌಂಟನ್’ ಎಂಬ ದೋಣಿ ಸವಾರಿಯ ನೀರು ಅದು ಅಂತ ಮಾರುವವರು ಹೇಳಿಕೊಂಡಿದ್ದರು. ಆ ಸವಾರಿ 23ನೇ ತಾರೀಖಿಗೆ ಶಾಶ್ವತವಾಗಿ ಮುಚ್ಚಿತು. ಅದಕ್ಕೆ ಆಧಾರವಾಗಿದ್ದ 1946ರ ಸಿನಿಮಾ ಕಪ್ಪು ಜನರನ್ನು ತೋರಿಸಿದ ರೀತಿಗೆ ಮೊದಲಿನಿಂದಲೂ ಟೀಕೆಗೆ ಗುರಿಯಾಗಿತ್ತು. ಹಾಗಾಗಿ ಕಥೆ ಬದಲಾಯಿಸಿ ಹೊಸ ಸವಾರಿ ಮಾಡುವುದಾಗಿ ಕಂಪನಿ 2020ರಲ್ಲೇ ಹೇಳಿತ್ತು. ಆದರೂ ಕೊನೇ ದಿನಗಳಲ್ಲಿ ಗಂಟೆಗಟ್ಟಲೆ ಕ್ಯೂ. ಕೆಲವರ ಕೈಯಲ್ಲಿ ನೀರಿನ ಜಾಡಿ.

ನಲ್ಲಿ ನೀರು ತುಂಬಿಸಿ ಮಾರಿದರೂ ಯಾರಿಗೆ ಗೊತ್ತಾಗುತ್ತದೆ ಅಂತ ನಗಬಹುದು. ನಾನೂ ನಕ್ಕೆ. ಆದರೆ ಥೀಮ್ ಪಾರ್ಕುಗಳ ಇತಿಹಾಸ ಓದುತ್ತಾ ಹೋದರೆ ಈ ಜಾಡಿ ಅಷ್ಟೇನೂ ಹುಚ್ಚುತನ ಅನಿಸುವುದಿಲ್ಲ. ಪಾರ್ಕಿನವರು ಮಾರದೇ ಇದ್ದ ಒಂದೇ ಒಂದು ವಸ್ತು ಅದು.

ಜಾತ್ರೆಯಿಂದ ಏನಾದರೂ ಮನೆಗೆ ತರುವ ಆಸೆ ಹಳೆಯದು. 1893ರಲ್ಲಿ ಶಿಕಾಗೋದ ವಿಶ್ವ ಮೇಳಕ್ಕೆ ಬಂದವರು ಮೊಟ್ಟಮೊದಲ ಫೆರಿಸ್ ಚಕ್ರ ಹತ್ತಿದರು. ಅದೇ ಮೇಳದಲ್ಲಿ ಸಣ್ಣ ನಾಣ್ಯವನ್ನು ಎರಡು ಉರುಳೆಗಳ ನಡುವೆ ಒತ್ತಿ, ಉದ್ದ ಮಾಡಿ, ಮೇಲೆ ಮೇಳದ ಹೆಸರು ಮೂಡಿಸಿ ಕೊಡುವ ಯಂತ್ರವೂ ಇತ್ತು. ಇವತ್ತಿಗೂ ಪಾರ್ಕುಗಳಲ್ಲಿ, ಮ್ಯೂಸಿಯಮ್ಮುಗಳಲ್ಲಿ ಹಿಡಿಕೆ ತಿರುಗಿಸಿ ನಾಣ್ಯ ಚಪ್ಪಟೆ ಮಾಡಿಕೊಳ್ಳುತ್ತಾರಲ್ಲ, ಅದರ ಮೂಲ ಅಲ್ಲಿದೆ.

ನನಗೆ ಇದಕ್ಕಿಂತ ಇಷ್ಟವಾದ ಯಂತ್ರ ಮೋಲ್ಡ್-ಎ-ರಾಮಾ. 1962ರ ಸಿಯಾಟಲ್ ವಿಶ್ವ ಮೇಳದಲ್ಲಿ ಅದು ಜನರ ಕಣ್ಣಿಗೆ ಬಿತ್ತು. ಎರಡು ವರ್ಷದ ನಂತರ ನ್ಯೂಯಾರ್ಕ್ ಮೇಳದಲ್ಲಿ ಡೈನೋಸಾರ್ ಗೊಂಬೆಗಳನ್ನು ಉಗುಳಿ ಜನಪ್ರಿಯವಾಯಿತು. ಕಾಸು ಹಾಕಿದರೆ ಅಚ್ಚಿನ ಎರಡು ಹೋಳು ಹತ್ತಿರ ಬಂದು ಕೂಡಿಕೊಳ್ಳುತ್ತವೆ. ಒಳಗೆ ಕರಗಿದ ಪ್ಲಾಸ್ಟಿಕ್ ನುಗ್ಗುತ್ತದೆ. ಗಾಳಿ ಊದಿ ಹೆಚ್ಚಿದ್ದದ್ದನ್ನು ಹೊರಗೆ ತಳ್ಳುವುದರಿಂದ ಗೊಂಬೆಯ ಹೊಟ್ಟೆ ಟೊಳ್ಳಾಗಿರುತ್ತದೆ. ಒಂದು ನಿಮಿಷ ಕಳೆಯುವಷ್ಟರಲ್ಲಿ ಅಚ್ಚು ತೆರೆದುಕೊಂಡು ಗೊಂಬೆ ಕೆಳಗೆ ಬೀಳುತ್ತದೆ. ಕೈಗೆ ತೆಗೆದುಕೊಂಡರೆ ಇನ್ನೂ ಬಿಸಿ, ಬಿಸಿ ಮೇಣದಂಥ ವಾಸನೆ. ಅಮೆರಿಕದ ಕೆಲವು ಮೃಗಾಲಯಗಳಲ್ಲಿ ಈ ಹಳೇ ಯಂತ್ರಗಳು ಈಗಲೂ ಓಡುತ್ತಿವೆ. ಅಂಗಡಿಯಲ್ಲಿ ಇದಕ್ಕಿಂತ ಚೆನ್ನಾದ ಗೊಂಬೆ ಸಿಗುತ್ತದೆ, ಅನುಮಾನವೇ ಇಲ್ಲ. ಆದರೆ ಅದು ಬಿಸಿಯಾಗಿರುವುದಿಲ್ಲ.

ಇನ್ನು ಡಿಸ್ನಿಲ್ಯಾಂಡ್‌ಗೆ ಬರೋಣ. ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ 1955ರ ಜುಲೈ 17ರಂದು ಬಾಗಿಲು ತೆಗೆದ ದಿನ ಎಲ್ಲವೂ ಎಡವಟ್ಟಾಗಿತ್ತು. ನಕಲಿ ಟಿಕೆಟ್ ಹಿಡಿದು ಜನ ನುಗ್ಗಿದರು. ಬಿಸಿಲಿಗೆ ಹೊಸ ಡಾಂಬರು ಮೆತ್ತಗಾಗಿ ಹೆಂಗಸರ ಹೈಹೀಲ್ಸ್ ಹೂತುಕೊಂಡವು. ಪ್ಲಂಬರ್‌ಗಳ ಮುಷ್ಕರದ ದೆಸೆಯಿಂದ ಕುಡಿಯುವ ನೀರಿನ ನಲ್ಲಿಗಳೂ ಸಾಕಷ್ಟಿರಲಿಲ್ಲ. ಇದೆಲ್ಲ ಎಲ್ಲರೂ ಹೇಳುವ ಕಥೆ. ಅಷ್ಟಾಗಿ ಯಾರೂ ಹೇಳದ ವಿಷಯ ಇನ್ನೊಂದಿದೆ. ಗೇಟು ದಾಟಿದ ತಕ್ಷಣ ಸಿಗುವ ‘ಮೇನ್ ಸ್ಟ್ರೀಟ್’ ಅವತ್ತೇ ಹಳೇ ಕಾಲದ ಬೀದಿಯಾಗಿತ್ತು. ಕುದುರೆ ಎಳೆಯುವ ಟ್ರಾಮು, ಗ್ಯಾಸ್ ದೀಪ, 1900ರ ಆಸುಪಾಸಿನ ಅಂಗಡಿ ಮುಂಗಟ್ಟು. ವಾಲ್ಟ್ ಡಿಸ್ನಿ ಮಿಸೌರಿಯ ಮಾರ್ಸಲೀನ್ ಎಂಬ ಸಣ್ಣ ಊರಲ್ಲಿ ಬಾಲ್ಯದ ಕೆಲವು ವರ್ಷ ಕಳೆದಿದ್ದರು. ಆ ಊರಿನ ನೆನಪೇ ಇಲ್ಲಿ ಬೀದಿಯಾಗಿ ನಿಂತಿತ್ತು. ಅಂದರೆ ಪಾರ್ಕಿಗೆ ವಯಸ್ಸಾದ ಮೇಲೆ ಹಳೇ ನೆನಪು ಅಂಟಿಕೊಂಡದ್ದಲ್ಲ. ಮೊದಲ ದಿನವೇ ಮಾರಾಟಕ್ಕಿಟ್ಟ ಸರಕು ಅದು.

ಅವತ್ತಿನ ಮೆರವಣಿಗೆಯಲ್ಲಿ ನಡೆದ ಮಿಕ್ಕಿ ಮೌಸ್ ಮಾತ್ರ ಪಾರ್ಕಿನ ಸ್ವಂತ ಸ್ವತ್ತಲ್ಲ. ಆಗ ‘ಐಸ್ ಕಪೇಡ್ಸ್’ ಅಂತ ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಪ್ರದರ್ಶನ ಕೊಡುವ ತಂಡವಿತ್ತು. ಅವರ ಆಟದಲ್ಲಿ ಡಿಸ್ನಿ ಪಾತ್ರಗಳು ಬರುತ್ತಿದ್ದವು. ಅವರ ವೇಷಗಳನ್ನೇ ತಂದು ಹಾಕಿದರು. ಹಳೇ ಫೋಟೋ ನೋಡಿದರೆ ಮಕ್ಕಳು ಹೆದರಿ ಓಡದಿದ್ದದ್ದೇ ಆಶ್ಚರ್ಯ. ದೂರ ಕೂತ ಪ್ರೇಕ್ಷಕರಿಗಾಗಿ ಮಾಡಿದ ಮುಖವಾಡ ಹತ್ತಿರದಿಂದ ಬೇರೆ ಥರವೇ ಕಾಣುತ್ತದೆ, ಅಲ್ವಾ? ಪಾರ್ಕಿನದೇ ಕಾಯಂ ವೇಷಧಾರಿಗಳ ತಂಡ ಗಟ್ಟಿಯಾಗಲು 1960ರ ದಶಕವೇ ಬರಬೇಕಾಯಿತು.

ಆ ಕಾಲದಲ್ಲಿ ಪಾತ್ರಗಳನ್ನು ‘ಭೇಟಿ ಮಾಡುವುದು’ ಅಂತ ಒಂದು ಕಾರ್ಯಕ್ರಮವೇ ಇರಲಿಲ್ಲ. ಡಿಸ್ನಿ ಕಾರ್ಟೂನಿನ ನಾಯಿ ಗೂಫಿ ಬೀದಿಯಲ್ಲಿ ಸುಮ್ನೆ ಅಡ್ಡಾಡುತ್ತಿದ್ದ. ಎದುರಿಗೆ ಸಿಕ್ಕರೆ ಸಿಕ್ಕ, ಇಲ್ಲದಿದ್ದರೆ ಇಲ್ಲ. ಸಿಕ್ಕಾಗ ಮಕ್ಕಳೆಲ್ಲ ಮುತ್ತಿಕೊಳ್ಳುತ್ತಿದ್ದರು. ಕ್ಯೂ ಇಲ್ಲ, ಕಟ್ಟಡ ಇಲ್ಲ, ಸಮಯ ಇಲ್ಲ. ಅವತ್ತಿನ ಫೋಟೋಗಳಲ್ಲಿ ಮಗು ಒಂದು ಕಡೆ, ಮಿಕ್ಕಿ ಇನ್ನೊಂದು ಕಡೆ ನೋಡುತ್ತಿರುತ್ತಾರೆ. ನಡುವೆ ಯಾರದೋ ಬೆನ್ನು.

ಟಿಕೆಟ್ಟಿನ ಕಥೆಯೂ ಹೀಗೇ ಆಕಸ್ಮಿಕ. 1955ರ ಅಕ್ಟೋಬರ್‌ನಲ್ಲಿ ಡಿಸ್ನಿಲ್ಯಾಂಡ್ ಟಿಕೆಟ್ ಪುಸ್ತಕ ಶುರು ಮಾಡಿತು. ಮೊದಲು ಎ, ಬಿ, ಸಿ. ಆಮೇಲೆ ಡಿ. 1959ರಲ್ಲಿ ಮ್ಯಾಟರ್‌ಹಾರ್ನ್ ಬೆಟ್ಟದ ಸವಾರಿ, ಜಲಾಂತರ್ಗಾಮಿ, ಮೋನೋರೈಲ್ ಬಂದಾಗ ಇ. ಎಲ್ಲಕ್ಕಿಂತ ಜೋರಾದ ಸವಾರಿಗೆ ಇ ಟಿಕೆಟ್. ಎ ಟಿಕೆಟ್ಟಿಗೆ ಸಿಗುತ್ತಿದ್ದದ್ದು ಕುದುರೆ ಟ್ರಾಮಿನಂಥ ಸಣ್ಣಪುಟ್ಟವು. ಎಲ್ಲರೂ ಇ ಟಿಕೆಟ್ಟನ್ನು ಮೊದಲು ಹರಿದು ಮುಗಿಸುತ್ತಿದ್ದರು. ಎ ಮತ್ತು ಬಿ ಉಳಿದುಬಿಡುತ್ತಿದ್ದವು. ಮುಂದಿನ ಸಲ ಬಂದಾಗ ಬಳಸೋಣ ಅಂತ ಮನೆಗೆ ಒಯ್ದು ಡ್ರಾಯರ್‌ನಲ್ಲಿ ಹಾಕುತ್ತಿದ್ದರು. ಮುಂದಿನ ಸಲವೂ ಅದೇ ಹಾಡು.

1982ರಲ್ಲಿ ಆ ಪದ್ಧತಿಯೇ ನಿಂತುಹೋಯಿತು. ಒಂದೇ ಟಿಕೆಟ್, ಎಲ್ಲಾ ಸವಾರಿ. ಡ್ರಾಯರ್‌ನಲ್ಲಿದ್ದ ಎ ಟಿಕೆಟ್ಟುಗಳು ರಾತ್ರೋರಾತ್ರಿ ಸ್ಮರಣಿಕೆಗಳಾದವು. ಅವನ್ನು ನೆನಪಿಗೆ ಅಂತ ಯಾರೂ ಇಟ್ಟುಕೊಂಡಿರಲಿಲ್ಲ. ಸೋಮಾರಿತನಕ್ಕೆ ಉಳಿದುಕೊಂಡವು. ಮುಂದಿನ ವರ್ಷ ಸ್ಯಾಲಿ ರೈಡ್ ಬಾಹ್ಯಾಕಾಶಕ್ಕೆ ಹೋದ ಮೊದಲ ಅಮೆರಿಕನ್ ಮಹಿಳೆಯಾದರು. ರಾಕೆಟ್ ಏರಿದ ಅನುಭವ ಥೇಟ್ ಇ ಟಿಕೆಟ್ಟಿನ ಹಾಗಿತ್ತು ಅಂತ ಅವರು ಹೇಳಿದಾಗ ಅಮೆರಿಕದಲ್ಲಿ ಯಾರಿಗೂ ವಿವರಣೆ ಬೇಕಾಗಲಿಲ್ಲ. ಟಿಕೆಟ್ ಹೋದರೂ ಮಾತು ಉಳಿದಿತ್ತು.

ಮೊದಲಿಂದಲೂ ಯೋಜನೆ ಮಾಡಿಯೇ ಮಾರಿದ ಸ್ಮರಣಿಕೆ ಅಂದರೆ ಮಿಕ್ಕಿಯ ಕಿವಿಗಳಿರುವ ಟೋಪಿ. ರಾಯ್ ವಿಲಿಯಮ್ಸ್ ಎಂಬ ಡಿಸ್ನಿ ಕಲಾವಿದ 1955ರ ಟಿವಿ ಕಾರ್ಯಕ್ರಮದ ಮಕ್ಕಳಿಗಾಗಿ ಅದನ್ನು ರೂಪಿಸಿದರು. 1929ರ ಒಂದು ಕಿರುಚಿತ್ರದಲ್ಲಿ ಮಿಕ್ಕಿ ತನ್ನ ಕಿವಿಗಳನ್ನೇ ಟೋಪಿಯಂತೆ ಎತ್ತಿ ನಮಸ್ಕಾರ ಹೇಳುತ್ತಾನೆ. ಯೋಚನೆ ಹುಟ್ಟಿದ್ದು ಅಲ್ಲಿಂದ. ಟೋಪಿಯ ಹಿಂದೆ ಹಳದಿ ದಾರದಲ್ಲಿ ಮಗುವಿನ ಹೆಸರು ಹೊಲಿದು ಕೊಡುತ್ತಾರೆ. ಹೆಸರು ಹೊಲಿದ ಮೇಲೆ ಬೇರೆಯವರಿಗೆ ಕೊಡೋಕೂ ಆಗುವುದಿಲ್ಲ, ಬಿಸಾಡೋಕೂ ಮನಸ್ಸು ಬರುವುದಿಲ್ಲ. ಜಾಣತನ ಇರುವುದೇ ಆ ದಾರದಲ್ಲಿ.

ಅಡ್ಡಾಡುತ್ತಿದ್ದ ಮಿಕ್ಕಿಗೆ ಮನೆ ಸಿಕ್ಕಿದ್ದು 1988ರಲ್ಲಿ. ಅವನ 60ನೇ ಹುಟ್ಟುಹಬ್ಬಕ್ಕೆ ಫ್ಲೋರಿಡಾದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ‘ಮಿಕ್ಕೀಸ್ ಬರ್ತ್‌ಡೇಲ್ಯಾಂಡ್’ ತೆರೆದರು. ಕೆಲವು ಕಾಲಕ್ಕೆ ಅಂತ ಹಾಕಿದ ಡೇರೆಗಳು ಅವು. ಅಲ್ಲಿ ಮಿಕ್ಕಿಯ ಡ್ರೆಸಿಂಗ್ ರೂಮಿಗೆ ಹೋಗಿ ಅವನನ್ನು ಖಚಿತವಾಗಿ ನೋಡಬಹುದಿತ್ತು. ಜನ ಎಷ್ಟು ಮೆಚ್ಚಿದರೆಂದರೆ ಆ ಜಾಗ ಹೆಸರು ಬದಲಾಯಿಸಿಕೊಳ್ಳುತ್ತಾ 2011ರವರೆಗೂ ಉಳಿಯಿತು. ಅಪ್ಪ ಅಮ್ಮಂದಿರಿಗೆ ಇದು ದೊಡ್ಡ ಉಪಕಾರ. ದಿನವಿಡೀ ಹುಡುಕಿ, ಕೊನೆಗೆ ಮಿಕ್ಕಿ ಸಿಗದೆ ಅಳುವ ಮಗುವನ್ನು ಎತ್ತಿಕೊಂಡು ಹೋಗುವ ಕಷ್ಟ ತಪ್ಪಿತು. ಅದರ ಬದಲು ಕ್ಯೂ ಬಂತು.

ಕ್ಯೂ ಜೊತೆಗೇ ಶಿಸ್ತೂ ಬಿಗಿಯಾಯಿತು. ರೋಮದ ವೇಷದವರು ಮಾತಾಡುವುದಿಲ್ಲ, ಕೈಸನ್ನೆ ಮಾತ್ರ. ಮುಖ ಕಾಣುವ ರಾಜಕುಮಾರಿಯರು ಮಾತಾಡಬಹುದು, ಆದರೆ ಕಥೆ ಬಿಟ್ಟು ಆಚೆಗಲ್ಲ. ಪ್ರತಿ ಪಾತ್ರಕ್ಕೂ ಒಂದೇ ಸಹಿ. ವೇಷದೊಳಗೆ ಯಾರೇ ಇರಲಿ, ಇವತ್ತಿನ ಗೂಫಿಯ ಸಹಿ ಹತ್ತು ವರ್ಷದ ಹಿಂದಿನ ಗೂಫಿಯ ಸಹಿಯಂತೆಯೇ ಇರಬೇಕು. ಆಟೋಗ್ರಾಫ್ ಪುಸ್ತಕದ ಜೊತೆ ದಪ್ಪ ಪೆನ್ನು ತನ್ನಿ ಅಂತ ಹಳಬರು ಹೊಸಬರಿಗೆ ಹೇಳುವುದುಂಟು. ನಾಲ್ಕು ಬೆರಳಿನ ಊದಿದ ಕೈಗವಸಿನಲ್ಲಿ ತೆಳ್ಳನೆ ಪೆನ್ನು ನಿಲ್ಲುವುದಿಲ್ಲ.

ಈ ಕ್ಯೂ ಎಲ್ಲಿಯವರೆಗೆ ಹೋಗಬಹುದು ಅಂತ ಗೊತ್ತಾಗಿದ್ದು ‘ಫ್ರೋಜನ್’ ಬಂದಾಗ. 2013ರ ಕೊನೆಯಲ್ಲಿ ಸಿನಿಮಾ ಬಿಡುಗಡೆಯಾಯಿತು. 2014ರಲ್ಲಿ ಅದರ ಅಕ್ಕತಂಗಿ ಪಾತ್ರಗಳಾದ ಆನಾ, ಎಲ್ಸಾರನ್ನು ನೋಡಲು ಕೆಲವು ದಿನ ನಾಲ್ಕೈದು ಗಂಟೆ ಕಾಯಬೇಕಾಗುತ್ತಿತ್ತು. ಸಿಗುತ್ತಿದ್ದದ್ದು ಒಂದೆರಡು ನಿಮಿಷ. ಸಿನಿಮಾ ಇಷ್ಟು ಓಡುತ್ತದೆ ಅಂತ ಮುಂಚೆಯೇ ಊಹಿಸಿ ಪಾರ್ಕಿನವರು ಏನೂ ಕಟ್ಟಿಟ್ಟಿರಲಿಲ್ಲ. ಹಾಗಾಗಿ ಆ ಸಿನಿಮಾದ ಸವಾರಿಯ ಜಾಗದಲ್ಲಿ ಇಬ್ಬರು ನಟಿಯರೇ ನಿಂತಿದ್ದರು ಅನ್ನಬೇಕು.

ಸ್ಮರಣಿಕೆಗಳ ಕಡೆ ಅದಕ್ಕೂ ಮುಂಚೆಯೇ ಲೆಕ್ಕ ಬದಲಾಗಿತ್ತು. 1999ರಲ್ಲಿ ವಾಲ್ಟ್ ಡಿಸ್ನಿ ವರ್ಲ್ಡ್ ಪಿನ್ (ಚುಚ್ಚಿಕೊಳ್ಳುವ ಸಣ್ಣ ಬ್ಯಾಡ್ಜು) ವಿನಿಮಯ ಶುರು ಮಾಡಿತು. ಒಲಿಂಪಿಕ್ಸ್‌ನಲ್ಲಿ ಪಿನ್ ಬದಲಾಯಿಸಿಕೊಳ್ಳುವ ರೂಢಿ ಮೊದಲೇ ಇತ್ತಲ್ಲ, ಅದೇ. ಸಿಬ್ಬಂದಿ ಕೊರಳಲ್ಲಿ ಪಟ್ಟಿ, ಪಟ್ಟಿಯ ತುಂಬ ಪಿನ್. ನಿಮ್ಮ ಹತ್ತಿರದ ಒಂದು ಕೊಟ್ಟು ಅವರ ಹತ್ತಿರದ ಒಂದು ತೆಗೆದುಕೊಳ್ಳಬಹುದು. ಮಕ್ಕಳಾಟದಂತೆ ಕಾಣುತ್ತಿದ್ದದ್ದು ಬೇಗನೆ ವ್ಯಾಪಾರವಾಯಿತು. ‘ಲಿಮಿಟೆಡ್ ಎಡಿಷನ್’ ಪಿನ್‌ಗಳ ಬೆನ್ನಿಗೆ ಎಷ್ಟು ಮಾಡಿದ್ದಾರೆ ಅನ್ನುವ ಸಂಖ್ಯೆ ಬಂತು. ಅದರ ಹಿಂದೆಯೇ ನಕಲಿ ಮತ್ತು ಕಳಪೆ ಪಿನ್‌ಗಳೂ ಬಂದವು. ಸಂಗ್ರಹಕಾರರು ಅವನ್ನು ‘ಸ್ಕ್ರ್ಯಾಪರ್’ ಅನ್ನುತ್ತಾರೆ. ಅಂಚು ಒರಟು, ಬಣ್ಣ ಗುಳಿಬಿದ್ದದ್ದು.

ಎಲ್ಲಕ್ಕಿಂತ ಜಾಸ್ತಿ ಕುತೂಹಲ ಹುಟ್ಟಿಸುವುದು ಡಫ್ಫಿ ಎಂಬ ಕರಡಿ. 2002ರಲ್ಲಿ ಫ್ಲೋರಿಡಾದಲ್ಲಿ ‘ಡಿಸ್ನಿ ಬೇರ್’ ಎಂಬ ಹೆಸರಲ್ಲಿ ಬಂದಾಗ ಅದಕ್ಕೆ ಅಂಥ ಗಿರಾಕಿ ಇರಲಿಲ್ಲ. ಕೆಲವು ವರ್ಷದಲ್ಲಿ ಟೋಕಿಯೋ ಡಿಸ್ನಿಸೀ ಅದಕ್ಕೆ ಹೊಸ ಹೆಸರು, ಹೊಸ ಕಥೆ ಕೊಟ್ಟಿತು. ಸಮುದ್ರಯಾನಕ್ಕೆ ಹೊರಟ ಮಿಕ್ಕಿಗೆ ಬೇಜಾರಾಗದಿರಲಿ ಅಂತ ಅವನ ಗೆಳತಿ ಮಿನ್ನಿ ಹೊಲಿದುಕೊಟ್ಟ ಗೊಂಬೆ ಇದು ಅಂತ. ಜಪಾನಿನಲ್ಲಿ ಜನ ಅದಕ್ಕೆ ಬಟ್ಟೆ ತೊಡಿಸಿ, ಎತ್ತಿಕೊಂಡು ಪಾರ್ಕು ಸುತ್ತಿದರು. ಡಫ್ಫಿಗೆ ಗೆಳೆಯರು ಹುಟ್ಟುತ್ತಾ ಹೋದರು. 2021ರ ಸೆಪ್ಟೆಂಬರ್‌ನಲ್ಲಿ ಶಾಂಘೈ ಡಿಸ್ನಿಲ್ಯಾಂಡ್‌ನಲ್ಲಿ ಲಿನಾಬೆಲ್ ಎಂಬ ಗುಲಾಬಿ ನರಿ ಬಂತು. ಅದಕ್ಕೆ ಸಿನಿಮಾ ಇಲ್ಲ, ಕಾರ್ಟೂನ್ ಇಲ್ಲ. ವೇಷ, ಗೊಂಬೆ, ಪುಟ್ಟ ಕಥೆ, ಮುಗಿಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಡಫ್ಫಿ ಬಳಗದ ಕ್ರಿಸ್ಮಸ್ ಗೊಂಬೆಗಳಿಗಾಗಿ ಸಾವಿರಾರು ಜನ ಚಳಿಯಲ್ಲಿ ಬೆಳಗಿನ ಜಾವಕ್ಕೇ ಸಾಲು ನಿಂತರು. ಮೊದಲು ಸಿನಿಮಾ, ಆಮೇಲೆ ಗೊಂಬೆ ಅನ್ನುವ ಹಳೇ ಕ್ರಮ ಇಲ್ಲಿ ಲೆಕ್ಕಕ್ಕೇ ಇಲ್ಲ.

ತಿಂಗಳೊಳಗೆ ಫ್ಲೋರಿಡಾದಲ್ಲೂ ಇಂಥದೇ ಸಾಲು. 2022ರ ಜನವರಿ, ಎಪ್ಕಾಟ್ ಪಾರ್ಕು. ಫಿಗ್ಮೆಂಟ್ ಎಂಬ ನೇರಳೆ ಡ್ರ್ಯಾಗನ್ ಆಕಾರದ ಪಾಪ್‌ಕಾರ್ನ್ ಬಕೆಟ್. ಬೆಲೆ 25 ಡಾಲರ್. ಅದಕ್ಕಾಗಿ ಆರೇಳು ಗಂಟೆ ಕಾದವರಿದ್ದರು. ನಗುವ ಮುಂಚೆ ಫಿಗ್ಮೆಂಟ್‌ನ ಪೂರ್ವಕಥೆ ಗೊತ್ತಿರಬೇಕು. 1983ರ ಸವಾರಿಯಲ್ಲಿ ಬಂದ ಪಾತ್ರ ಅದು, ಯಾವ ಸಿನಿಮಾದಿಂದಲೂ ಬಂದದ್ದಲ್ಲ. 1999ರಲ್ಲಿ ಸವಾರಿ ಬದಲಾಯಿಸಿದಾಗ ಫಿಗ್ಮೆಂಟ್‌ನನ್ನು ಹೆಚ್ಚುಕಡಿಮೆ ತೆಗೆದೇ ಹಾಕಿದರು. ಜನ ಗಲಾಟೆ ಮಾಡಿದ ಮೇಲೆ 2002ರಲ್ಲಿ ವಾಪಸ್ ತಂದರು. 1983ರಲ್ಲಿ ಐದು ವರ್ಷದ ಮಗುವಾಗಿದ್ದವರಿಗೆ 2022ರಲ್ಲಿ 44. ಕೈಯಲ್ಲಿ ಕಾಸಿದೆ, ಒಮ್ಮೆ ಕಳೆದುಕೊಂಡ ನೆನಪೂ ಇದೆ. ಸಾಲಿನಲ್ಲಿ ಮಾರಾಟಗಾರರೂ ಇದ್ದರು ಅನ್ನುವುದು ನಿಜ. ಅದೇ ಬಕೆಟ್ಟುಗಳು ಇಬೇನಲ್ಲಿ ಹಲವು ಪಟ್ಟು ಬೆಲೆಗೆ ಹೋದವು.

ಹೀಗೆ ಮರುಮಾರಾಟಕ್ಕೆ ಸಿಗದೇ ಉಳಿದದ್ದು ವೇಷಧಾರಿಯ ಅಪ್ಪುಗೆ ಮಾತ್ರ. ಕೋವಿಡ್ ಅದನ್ನೂ ನಿಲ್ಲಿಸಿತು. 2020ರ ಮಾರ್ಚ್‌ನಲ್ಲಿ ಪಾರ್ಕುಗಳು ಮುಚ್ಚಿದವು. ತೆರೆದ ಮೇಲೂ ಮಿಕ್ಕಿ ದೂರದಲ್ಲೇ ನಿಂತು ಕೈಬೀಸುತ್ತಿದ್ದ. ಅಮೆರಿಕದ ಎರಡೂ ಡಿಸ್ನಿ ತಾಣಗಳಲ್ಲಿ ಮುಟ್ಟಿ ಮಾತಾಡಿಸುವ ಭೇಟಿ ಮತ್ತೆ ಶುರುವಾದದ್ದು 2022ರ ಏಪ್ರಿಲ್ 18ಕ್ಕೆ.

ವೇಷದೊಳಗಿನವರ ಕಷ್ಟದ ಬಗ್ಗೆ ಆಗಾಗ ಮಾತ್ರ ಸುದ್ದಿ ಬರುತ್ತದೆ. 2001ರಲ್ಲಿ ಫ್ಲೋರಿಡಾದ ವೇಷಧಾರಿಗಳು ಒಂದು ಹಕ್ಕು ಗೆದ್ದರು. ವೇಷದ ಒಳಗೆ ಹಾಕುವ ಒಳಉಡುಪು ತಮಗೇ ಅಂತ ಪ್ರತ್ಯೇಕವಾಗಿರಬೇಕು, ತಾವೇ ಮನೆಯಲ್ಲಿ ಒಗೆದುಕೊಳ್ಳಬೇಕು ಅಂತ. ಅದಕ್ಕೂ ಮುಂಚೆ ಅವನ್ನು ಹಂಚಿಕೊಂಡು ಹಾಕುತ್ತಿದ್ದರು. ತುರಿಕಜ್ಜಿ, ಹೇನಿನ ದೂರುಗಳಿದ್ದವು. 2024ರ ಮೇ ತಿಂಗಳಲ್ಲಿ ಡಿಸ್ನಿಲ್ಯಾಂಡ್‌ನ ಸುಮಾರು 1,700 ಪಾತ್ರಧಾರಿಗಳು ಮತ್ತು ಮೆರವಣಿಗೆ ಕಲಾವಿದರು ನಟರ ಸಂಘ ‘ಆಕ್ಟರ್ಸ್ ಈಕ್ವಿಟಿ’ಗೆ ಸೇರುವ ಬಗ್ಗೆ ಮತ ಹಾಕಿದರು. ಪರ 953, ವಿರೋಧ 258. ಮತದಾನ ನಡೆಸಬೇಕಾದರೆ ಅದಕ್ಕೂ ಮುಂಚೆ ನೌಕರರು ಸಂಘದ ಕಾರ್ಡಿಗೆ ಸಹಿ ಮಾಡಬೇಕು. ಆ ಕಾರ್ಡಿನ ಮೇಲೆ ಗೂಫಿಯ ಸಹಿ ನಡೆಯುವುದಿಲ್ಲ. ಕೈಗವಸು ಬಿಚ್ಚಿಟ್ಟು, ಸಾಮಾನ್ಯ ಪೆನ್ನಿನಲ್ಲಿ, ತಮ್ಮ ತಮ್ಮ ಹೆಸರು ಬರೆದುಕೊಟ್ಟರು.