ಅಗೋಚರ: ಬೇಲಿಯಾಚೆಯ ಮಾತು

ಕರಡು ತಿದ್ದುವ ನನ್ನ ಕೆಲಸದಲ್ಲಿ ಮತ್ತೆ ಮತ್ತೆ ತಡೆದು ನಿಲ್ಲಿಸುವ ಪದ ‘ಅಗೋಚರ’. ವಿವರಣೆಗೆ ಸಿಗದ್ದು ಏನೇ ಬರಲಿ, ಬರೆಯುವವರ ಕೈ ಅದರತ್ತಲೇ ಹೋಗುತ್ತದೆ: ಅಗೋಚರ ಶಕ್ತಿ, ಅಗೋಚರ ಭಯ. ಈಚೆಗೆ ಒಂದು ಕರಡಿನಲ್ಲಿ ಮೈತುಂಬ ಕೆಂಪು ಗುಳ್ಳೆ ಎದ್ದವನಿಗೂ ‘ಅಗೋಚರ ಕಾಯಿಲೆ’ ಬಂದಿತ್ತು. ಗುಳ್ಳೆಗಳು ಎಲ್ಲರ ಕಣ್ಣಿಗೂ ಕಾಣುತ್ತಿವೆ. ತಿಳಿಯದಿರುವುದು ಅವುಗಳ ಕಾರಣ. ‘ಕಾರಣ ತಿಳಿಯದ ಕಾಯಿಲೆ’ ಎಂದು ತಿದ್ದಿದೆ.

ಪದವನ್ನು ಬಿಡಿಸಿ ನೋಡಿ. ‘ಗೋ’ ಎಂದರೆ ಹಸು, ‘ಚರ’ ಎಂದರೆ ಅಡ್ಡಾಡುವುದು. ಸಂಸ್ಕೃತದಲ್ಲಿ ಗೋಚರವೆಂದರೆ ಮೊದಲಿಗೆ ದನಗಳು ಮೇಯುತ್ತ ತಿರುಗುವ ಬಯಲು, ನಮ್ಮ ಕಂದಾಯ ದಾಖಲೆಗಳಲ್ಲಿ ಇಂದಿಗೂ ಉಳಿದಿರುವ ಗೋಮಾಳದಂಥದ್ದು. ಅಲ್ಲಿಂದ ಅರ್ಥ ಹಿಗ್ಗುತ್ತ ‘ಓಡಾಟದ ವ್ಯಾಪ್ತಿ’ ಎಂದಾಯಿತು. ಕಠೋಪನಿಷತ್ತಿನ ರಥದ ಹೋಲಿಕೆಯಲ್ಲಿ ದೇಹವೇ ರಥ, ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆಗಳು. ಆ ಕುದುರೆಗಳು ಓಡಾಡುವ ವಿಷಯಗಳಿಗೆ ಅಲ್ಲಿ ಬಳಸಿರುವ ಮಾತು ಗೋಚರ. ಹಸು ಹೋಗಿ ಕುದುರೆ ಬಂದರೂ ಬಯಲು ಹಾಗೆಯೇ ಉಳಿದಿದೆ. ನನಗೆ ಬಹಳ ಪ್ರಿಯವಾದ ಚಿತ್ರವಿದು.

ಆದ್ದರಿಂದ ಅಗೋಚರವೆಂದರೆ ‘ಇಲ್ಲ’ ಎಂದಲ್ಲ, ‘ಅರ್ಥವಾಗದು’ ಎಂದೂ ಅಲ್ಲ. ಇಂದ್ರಿಯಗಳು ಮೇಯುವ ಬಯಲಿನ ಬೇಲಿಯಾಚೆ ಇದೆ ಎಂದಷ್ಟೇ. ಕ್ಷ-ಕಿರಣ ಅಗೋಚರ, ಆದರೂ ಅದನ್ನು ಚೆನ್ನಾಗಿ ವಿವರಿಸಬಹುದು. ಆಗ ತಾನೇ ಹುಟ್ಟಿದ ಮಗುವನ್ನು ಎತ್ತಿಕೊಂಡಾಗ ತಾಯಿಯಲ್ಲಿ ಏಳುವ ಭಾವ ಇದಕ್ಕೆ ತಿರುವುಮುರುವು: ಅನುಭವಕ್ಕೆ ಸಿಕ್ಕಿದೆ, ಮಾತಿಗೆ ಸಿಕ್ಕಿಲ್ಲ. ಅದಕ್ಕೆ ‘ಅನಿರ್ವಚನೀಯ’ ಎಂಬ ಬೇರೆಯೇ ಪದವಿದೆ. ಇದೆ ಎನ್ನಲಾಗದ, ಇಲ್ಲ ಎನ್ನಲೂ ಆಗದ ಮಾಯೆಗೆ ಅದ್ವೈತಿಗಳು ಆರಿಸಿಕೊಂಡದ್ದು ಅದನ್ನೇ. ಯೋಚನೆಗೆ ನಿಲುಕದ್ದು ‘ಅಚಿಂತ್ಯ’. ಮೂರೂ ಕನ್ನಡದಲ್ಲಿ ಬಳಕೆಯಲ್ಲಿರುವಾಗ ಒಂದರ ಮೇಲೇ ಎಲ್ಲ ಹೊರೆಯನ್ನೂ ಹೇರುವುದು ನನಗೆ ಸಂಕಟದ ಸಂಗತಿ.

ಬಸವಣ್ಣನವರ ‘ಜಗದಗಲ ಮುಗಿಲಗಲ’ ವಚನವನ್ನೇ ನೋಡಿ. ಪಾತಾಳದಿಂದತ್ತ ಪಾದ, ಬ್ರಹ್ಮಾಂಡದಿಂದತ್ತ ಮುಕುಟ. ಆ ಲಿಂಗವನ್ನು ಅಗಮ್ಯ, ಅಗೋಚರ ಎಂದು ಕರೆಯುತ್ತಾರೆ: ಹೋಗಿ ಮುಟ್ಟಲಾಗದ್ದು, ಇಂದ್ರಿಯಕ್ಕೆ ಎಟುಕದ್ದು. ಅದೇ ಉಸಿರಿನಲ್ಲಿ ಅದು ಅವರ ಕರಸ್ಥಲಕ್ಕೆ, ಅಂದರೆ ಅಂಗೈಗೆ, ಬಂದು ‘ಚುಳುಕಾ’ಗುತ್ತದೆ, ಕಿರಿದಾಗುತ್ತದೆ. ಅಗೋಚರವನ್ನು ಬರೀ ‘ನಿಗೂಢ’ ಎಂದು ಓದಿದರೆ ಇಲ್ಲಿ ನಡೆದದ್ದೇನೆಂದು ತಿಳಿಯದು. ಬೇಲಿಯಾಚೆಯದು ತಾನಾಗಿ ದಾಟಿ ಬಂದು ಅಂಗೈಯಲ್ಲಿ ಕುಳಿತಿದೆ.