ಇಂಡಕ್ಷನ್ ಹಾರ್ಡನಿಂಗ್: ಕಾಯಿಲ್ ಹಿಂದೆ ಬಿದ್ದದ್ದು ಹೇಗೆ

ಇಂಡಕ್ಷನ್ ಹಾರ್ಡನಿಂಗ್ ಅಂದರೆ ತಾಮ್ರದ ಸುರುಳಿಯಲ್ಲಿ, ಅಂದರೆ ಕಾಯಿಲ್‌ನಲ್ಲಿ, ಸತತ ದಿಕ್ಕು ಬದಲಿಸುವ ಕರೆಂಟ್ ಹರಿಸಿ ಉಕ್ಕಿನ ಮೇಲ್ಮೈಯನ್ನು ಕಾಯಿಸಿ, ತಕ್ಷಣ ತಣಿಸಿ ಗಟ್ಟಿ ಮಾಡುವುದು. ಶಾಫ್ಟ್ ಬೇಕಾದಷ್ಟು ಗಟ್ಟಿಯಾಗಲಿಲ್ಲ ಅಂದರೆ ಮೊದಲು ಕೈ ಹೋಗುವುದು ಪವರ್ ನಾಬ್‌ಗೆ. ಅದೂ ಸಾಲದಿದ್ದರೆ ಫ್ರೀಕ್ವೆನ್ಸಿ (ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಹರಿಯುತ್ತದೆ ಅನ್ನುವುದು) ಬಗ್ಗೆ ಜಗಳ. ಕಾಯಿಲ್ ಮಾತು ಬರುವುದು ಕೊನೆಗೆ. ಮೊದಲು ಹೀಗಿರಲಿಲ್ಲ.

1831ರಲ್ಲಿ ವಿಜ್ಞಾನಿ ಫ್ಯಾರಡೆ ಇಂಡಕ್ಷನ್ ಕಂಡುಹಿಡಿದರು, ನೂರು ವರ್ಷದ ನಂತರ ಅಮೆರಿಕದ ಕಾರ್ಖಾನೆಗಳು ಅದರಿಂದ ಕ್ರ್ಯಾಂಕ್‌ಶಾಫ್ಟ್ ಗಟ್ಟಿ ಮಾಡತೊಡಗಿದವು. ಆಗ ಕರೆಂಟ್ ಬರುತ್ತಿದ್ದದ್ದು ಮೋಟರ್-ಜನರೇಟರ್‌ಗಳಿಂದ. 3 ಕಿಲೋಹರ್ಟ್ಸ್ ಸೆಟ್ ತಂದರೆ ಅಷ್ಟೇ, ಅದನ್ನು ಬದಲಿಸಲು ಆಗುತ್ತಿರಲಿಲ್ಲ. ಹಾಗಾಗಿ ಕಾಯಿಲನ್ನೇ ತಿದ್ದಿ ತಿದ್ದಿ ಸರಿ ಮಾಡಬೇಕಿತ್ತು.

ಆಮೇಲೆ ಕರೆಂಟನ್ನು ವೇಗವಾಗಿ ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್‌ಗಳು ಬಂದವು: ಮೊದಲು ಥೈರಿಸ್ಟರ್, ನಂತರ ಐಜಿಬಿಟಿ. ಕಥೆ ಜಟಿಲವಾದದ್ದು ಇಲ್ಲೇ. ಈಗಿನ ಮಶೀನ್ ಕಾಯಿಲ್ ಮತ್ತು ಕೆಪಾಸಿಟರ್ ಸೇರಿ ಎಲ್ಲಿ ರೆಸೊನೆನ್ಸ್ ಆಗುತ್ತದೋ, ಅಂದರೆ ಎರಡೂ ಒಂದೇ ತಾಳಕ್ಕೆ ಬರುತ್ತವೋ, ಆ ಫ್ರೀಕ್ವೆನ್ಸಿಯನ್ನು ತಾನೇ ಹುಡುಕಿಕೊಂಡು ಓಡುತ್ತದೆ. ಒಳ್ಳೆಯದೇ, ಅಲ್ವಾ? ಆದರೆ ಕೆಟ್ಟ ಕಾಯಿಲ್ ಹಾಕಿದರೂ ಅದು ಓಡುತ್ತದೆ. ಒಂದು ಸುತ್ತು ಜಾಸ್ತಿ ಹಾಕಿದರೆ ಫ್ರೀಕ್ವೆನ್ಸಿ ಸದ್ದಿಲ್ಲದೆ ಇಳಿಯುತ್ತದೆ, ಬಿಸಿ ಇಳಿಯುವ ಆಳ ಬದಲಾಗುತ್ತದೆ. ಕಾದ ಉಕ್ಕಿನಲ್ಲಿ ಕರೆಂಟ್ 10 ಕಿಲೋಹರ್ಟ್ಸ್‌ಗೆ ಸುಮಾರು 5 ಮಿಲಿಮೀಟರ್ ಒಳಗಿಳಿದರೆ, 100ಕ್ಕೆ 2 ಮಿಲಿಮೀಟರನ್ನೂ ಮುಟ್ಟುವುದಿಲ್ಲ.

ಇಷ್ಟಾದರೂ ಸಣ್ಣ ಶಾಪ್‌ಗಳಲ್ಲಿ ಕಾಯಿಲ್ ತಯಾರಾಗುವುದು ಕೈಯಲ್ಲೇ. ತಾಮ್ರದ ಪೈಪಿಗೆ ಮರಳು ತುಂಬಿ, ನಜ್ಜದಂತೆ ರಾಡಿಗೆ ಸುತ್ತಿ, ತುದಿಗೆ ಬ್ರೇಜಿಂಗ್. ಕೆಲಸ ಚೆಂದವೇ. ಆದರೆ ಶಾಫ್ಟ್ ನಡುವಿನಿಂದ ಒಂದು ಮಿಲಿಮೀಟರ್ ಸರಿದರೂ ಹತ್ತಿರದ ಬದಿ ಮೊದಲು ಕೆಂಪಾಗುತ್ತದೆ. ಶಾಫ್ಟ್ ತಿರುಗಿಸುತ್ತಿದ್ದರೆ ಈ ತಪ್ಪು ಸ್ವಲ್ಪ ಮುಚ್ಚಿಹೋಗುತ್ತದೆ, ತಿರುಗಿಸದೆ ಒಂದೊಂದೇ ಹಲ್ಲನ್ನು ಕಾಯಿಸುವ ಗೇರ್‌ನಲ್ಲಿ ಮುಚ್ಚುವುದಿಲ್ಲ. ಕೀವೇ (ಕೀಲಿ ಕೂರಿಸಲು ಶಾಫ್ಟಿನಲ್ಲಿ ಕೊರೆದ ಗಾಡಿ) ಅಂಚಿನಲ್ಲಿ ಬಿಸಿ ಜಾಸ್ತಿಯಾಗಿ ಬಿರುಕು ಬಿಟ್ಟರೆ ಬೈಗುಳ ಉಕ್ಕಿಗೆ.

ಇನ್ನೊಂದು ಗೊಂದಲ 770 ಡಿಗ್ರಿಯದ್ದು. ಅಷ್ಟು ಕಾದರೆ ಉಕ್ಕಿನ ಅಯಸ್ಕಾಂತ ಗುಣ ಹೋಗುತ್ತದೆ, ಬಿಸಿ ಏರುವ ವೇಗ ತಗ್ಗುತ್ತದೆ. ತಣ್ಣನೆ ಶಾಫ್ಟಿಗೆ ಹೊಂದಿದ ಕಾಯಿಲ್ ಆಗ ಹೊಂದುವುದಿಲ್ಲ. ನೋಡುವವರಿಗೆ ಮಾತ್ರ ಮಶೀನ್ ಸುಸ್ತಾದಂತೆ ಕಾಣುತ್ತದೆ. ಮತ್ತೆ ನಾಬ್!

ನಮ್ಮ ಕಡೆ ನೀರೂ ಸೇರಿಕೊಂಡಿದೆ. ಬೋರ್‌ವೆಲ್‌ನ ಗಡಸು ನೀರನ್ನು ನೇರವಾಗಿ ಬಿಟ್ಟರೆ ಪೈಪಿನೊಳಗೆ ಸುಣ್ಣ ಕಟ್ಟಿ ಕಾಯಿಲ್ ತೂತಾಗುತ್ತದೆ. ಖನಿಜ ತೆಗೆದ (ಡಿಎಂ) ನೀರು ಸುತ್ತುವ ಕೂಲಿಂಗ್ ಘಟಕ ದುಬಾರಿ ಅನ್ನಿಸುತ್ತದೆ. ತಿಂಗಳಿಗೊಂದು ಕಾಯಿಲ್ ಸುಟ್ಟರೆ ಆ ಖರ್ಚು ಯಾಕೋ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಈಗ ಕಾಯಿಲನ್ನು ಕಂಪ್ಯೂಟರ್‌ನಲ್ಲೇ ಕಾಯಿಸಿ ನೋಡುವ ಸಾಫ್ಟ್‌ವೇರ್ ಇದೆ. ಆದರೆ ಎಷ್ಟೋ ಜಾಬ್ ಕಾರ್ಡ್‌ಗಳಲ್ಲಿ ಇವತ್ತಿಗೂ ಇರುವುದು ಕಿಲೋವ್ಯಾಟ್ ಮತ್ತು ಸೆಕೆಂಡ್ ಮಾತ್ರ. ಕಾಯಿಲ್‌ನ ಸುತ್ತು, ಕಾಯಿಲ್-ಶಾಫ್ಟ್ ನಡುವಿನ ಗ್ಯಾಪ್, ಎಷ್ಟು ಕೆಪಾಸಿಟರ್ ಜೋಡಿಸಿದೆ ಅನ್ನುವ ಟ್ಯಾಪ್ ಬರೆಯಲು ಜಾಗವೇ ಇರುವುದಿಲ್ಲ.